ಫೈಬರ್‌ಗೆ ಬಂದ ಲ್ಯಾಂಡ್‌ಲೈನ್ ಕೆಟ್ಟರೆ ಎಲ್ಲಿಂದ ಹುಡುಕಬೇಕು

ಮೂಡಿಗೆರೆ, ಆಲ್ದೂರು, ಸಕಲೇಶಪುರ ಕಡೆಯ ತೋಟದ ಮನೆಗಳಲ್ಲಿ ಲ್ಯಾಂಡ್‌ಲೈನ್ ಇನ್ನೂ ಬದುಕಿದೆ. ಮೊಬೈಲ್ ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಬೇಕಾದ ಕಡೆ ಅದನ್ನು ತೆಗೆಸಲು ಯಾರೂ ತಯಾರಿಲ್ಲ. ಬದಲಾಗಿದ್ದು ಅದರ ಹಿಂದಿನ ವ್ಯವಸ್ಥೆ. ತಾಮ್ರದ ಜೋಡಿ ತಂತಿ ಹೋಗಿ ಗಾಜಿನ ಎಳೆಯ ಫೈಬರ್ ಬಂತು. ನಂಬರ್ ಅದೇ, ಮೂಡಿಗೆರೆಯ ಕೋಡ್ 08263 ಅದೇ, ಹಾಲ್‌ನ ಮೂಲೆಯ ಸ್ಟೂಲಿನ ಮೇಲಿರುವ ಫೋನೂ ಅದೇ. ಹಾಗಾಗಿ ಕೆಟ್ಟಾಗ ಜನ ಹಳೇ ಅಭ್ಯಾಸದಂತೆ ಕಂಬ ನೋಡುತ್ತಾರೆ, ಮನೆಮನೆಗೆ ತಂತಿ ಕವಲೊಡೆಯುವ ಡಿಪಿ ಬಾಕ್ಸ್ ನೋಡುತ್ತಾರೆ, ಪರಿಚಯದ ಲೈನ್‌ಮ್ಯಾನ್‌ಗೆ ಹೇಳಿ ಕಳಿಸುತ್ತಾರೆ. ನಾನು ನೋಡಿದ ಮಟ್ಟಿಗೆ ತೊಂದರೆ ಬಹಳ ಸಲ ಫೈಬರ್ ಬಂದು ಸೇರುವ, ಗೋಡೆಗೆ ಹೊಡೆದ ಓಎನ್‌ಟಿ ಎಂಬ ಬಿಳಿ ಪೆಟ್ಟಿಗೆಯ ಆಸುಪಾಸಿನಲ್ಲೇ ಇರುತ್ತದೆ.

ಈ ಬರಹ ಮನೆಯವರಿಗೆ, ಹೋಂಸ್ಟೇ ನಡೆಸುವವರಿಗೆ, ಎಸ್ಟೇಟ್ ಆಫೀಸಿನ ರೈಟರ್‌ಗಳಿಗೆ. ಒಂದು ಸಾದಾ ವೈರಿನ ಫೋನ್, ಒಂದು ಮಲ್ಟಿಮೀಟರ್, ಒಂದು ಸ್ಕ್ರೂಡ್ರೈವರ್ ಇದ್ದರೆ ಇದರಲ್ಲಿರುವ ಹೆಚ್ಚಿನ ಪರೀಕ್ಷೆಗಳನ್ನು ನೀವೇ ಮಾಡಬಹುದು. ಕಾರ್ಡ್‌ಲೆಸ್ ಫೋನ್ ಪರೀಕ್ಷೆಗೆ ಬೇಡ. ಅದಕ್ಕೆ ಅದರದೇ ಅಡಾಪ್ಟರ್, ಅದರದೇ ಬ್ಯಾಟರಿ, ಅದರದೇ ರೋಗಗಳು.

ಗಡಿ ಎಲ್ಲಿಗೆ ಸರಿಯಿತು

"ಈಗ ಎಲ್ಲಾ ಡಿಜಿಟಲ್, ಅದಕ್ಕೇ ಕೆಡುತ್ತೆ" ಎನ್ನುವವರಿದ್ದಾರೆ. ಎಕ್ಸ್‌ಚೇಂಜ್‌ನಿಂದ ಆಚೆ ಟೆಲಿಫೋನ್ ಡಿಜಿಟಲ್ ಆಗಿ ದಶಕಗಳೇ ಕಳೆದಿವೆ. 1984ರಲ್ಲಿ ಶುರುವಾದ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗೆಂದೇ ಹವಾನಿಯಂತ್ರಣ ಬೇಡದ 128 ಪೋರ್ಟಿನ ಡಿಜಿಟಲ್ ಎಕ್ಸ್‌ಚೇಂಜ್ ತಯಾರಿಸಿತು. ಅದರ ಮೊದಲನೆಯದು 1986ರಲ್ಲಿ ಕೆಲಸ ಶುರುಮಾಡಿದ್ದು ನಮ್ಮದೇ ರಾಜ್ಯದ ಕಿತ್ತೂರಿನಲ್ಲಿ. ಇಂಥ ಎಕ್ಸ್‌ಚೇಂಜ್ ಒಳಗೆ ನಿಮ್ಮ ಧ್ವನಿಯನ್ನು ಸೆಕೆಂಡಿಗೆ 8000 ಸಲ ಅಳೆದು, ಪ್ರತಿ ಅಳತೆಯನ್ನು 8 ಬಿಟ್‌ಗಳಲ್ಲಿ ಬರೆದು, 64 ಕೆಬಿಪಿಎಸ್ ಆಗಿ ಮುಂದಕ್ಕೆ ಕಳಿಸುತ್ತಿದ್ದರು. ಅಂಥ 30 ಮಾತುಕತೆಗಳು, ಸಂಕೇತಗಳಿಗೆ ಇನ್ನೆರಡು ಹಾದಿ ಸೇರಿ ಒಂದು ಇ1 ಲೈನ್, ಅಂದರೆ 2.048 ಎಂಬಿಪಿಎಸ್. ತಾಮ್ರದ ಕಾಲದಲ್ಲೂ ನೀವು ಬೆಂಗಳೂರಿಗೆ ಮಾತಾಡಿದ್ದು ಸಂಖ್ಯೆಗಳಾಗಿಯೇ ಹೋಗಿದೆ.

ಆಗ ಧ್ವನಿ ಸಂಖ್ಯೆಯಾಗುವ ಗಡಿ ಎಕ್ಸ್‌ಚೇಂಜ್ ಕಟ್ಟಡದೊಳಗೆ, ಲೈನ್ ಕಾರ್ಡ್ ಎಂಬ ಹಲಗೆಯ ಮೇಲಿತ್ತು. ಈಗ ಅದು ನಿಮ್ಮ ಹಾಲ್‌ಗೆ ಬಂದಿದೆ. ಲೈನ್ ಕಾರ್ಡ್ ಮಾಡುತ್ತಿದ್ದ ಕೆಲಸ ಒಂದೆರಡಲ್ಲ: ಫೋನಿಗೆ 48 ವೋಲ್ಟ್ ಕೊಡುವುದು, ಗಂಟೆ ಬಾರಿಸಲು 75 ವೋಲ್ಟಿನ ಆಸುಪಾಸಿನ ಎಸಿ ಕಳಿಸುವುದು, ರಿಸೀವರ್ ಎತ್ತಿದ್ದನ್ನು ಗುರುತಿಸುವುದು, ಡಯಲ್ ಟೋನ್ ಕೊಡುವುದು, ಧ್ವನಿಯನ್ನು ಸಂಖ್ಯೆ ಮಾಡುವುದು, ಎರಡು ತಂತಿಯಲ್ಲಿ ಹೋಗುವ ಬರುವ ಮಾತನ್ನು ಬೇರೆ ಮಾಡುವುದು, ಸಿಡಿಲಿನ ಪೆಟ್ಟು ತಡೆಯುವುದು. ಇಷ್ಟನ್ನೂ ಈಗ ಓಎನ್‌ಟಿ ಪೆಟ್ಟಿಗೆಯ ಹಿಂದಿರುವ ಫೋನ್ ಪೋರ್ಟ್ ಮಾಡಬೇಕು. ಎಕ್ಸ್‌ಚೇಂಜ್‌ನಲ್ಲಿ ಇದಕ್ಕೆಲ್ಲ ದೊಡ್ಡ ಬ್ಯಾಟರಿ ಬ್ಯಾಂಕ್, ಭೂಸಂಪರ್ಕ, ಕಾಯಲು ಜನ ಇದ್ದರು. ಇಲ್ಲಿ ಒಂದು 12 ವೋಲ್ಟ್ ಅಡಾಪ್ಟರ್ ಇದೆ.

ಆದ್ದರಿಂದ ಯಾವ ದೂರು ಬಂದರೂ ಮೊದಲು ತೀರ್ಮಾನ ಆಗಬೇಕಾದ್ದು ಒಂದೇ: ತೊಂದರೆ ಫೋನ್ ಪೋರ್ಟಿನಿಂದ ಮನೆಯ ಕಡೆಗಿದೆಯೋ, ಫೈಬರ್ ಕಡೆಗಿದೆಯೋ. ಇದನ್ನು ಬಿಟ್ಟು ಮೊದಲೇ ರೌಟರ್ ರೀಸೆಟ್ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹಿಂದಿನ ಚಿಕ್ಕ ತೂತಿಗೆ ಪಿನ್ ಹಾಕಿ ಒತ್ತಿ ಹಿಡಿದರೆ ಕೆಲವು ಪೆಟ್ಟಿಗೆಗಳಲ್ಲಿ ಫೋನಿನ ಖಾತೆಯ ವಿವರಗಳೂ ಅಳಿಸಿ ಹೋಗುತ್ತವೆ. ಆಮೇಲೆ ಕಂಪನಿಯವರೇ ಬರಬೇಕು.

ಗಡಿ ಪರೀಕ್ಷೆ

ಓಎನ್‌ಟಿ ಹಿಂದೆ ಟೆಲ್, ಫೋನ್ ಅಥವಾ ಪಾಟ್ಸ್ ಎಂದು ಬರೆದಿರುವ ಚಿಕ್ಕ ಸಾಕೆಟ್ ಇರುತ್ತದೆ. ಇಂಟರ್ನೆಟ್ ಕೇಬಲ್ ಹೋಗುವ ಸಾಕೆಟ್‌ಗಿಂತ ಸಣ್ಣದು, ಆರ್‌ಜೆ11. ಅದರಲ್ಲಿರುವ ವೈರ್ ಕಿತ್ತು, ಸಾದಾ ಫೋನನ್ನು ನೇರವಾಗಿ ಸಿಕ್ಕಿಸಿ. ಡಯಲ್ ಟೋನ್ ಬಂದು, ಮಾತು ಸ್ವಚ್ಛವಾಗಿದ್ದರೆ ತೊಂದರೆ ನಿಮ್ಮ ಮನೆಯ ವೈರಿಂಗ್‌ನದ್ದು ಅಥವಾ ಹಳೇ ಫೋನಿನದ್ದು. ಕಂಪನಿಯವರು ಬಂದರೂ ಅದನ್ನು ಮುಟ್ಟುವುದು ಅನುಮಾನ. ನೇರ ಸಿಕ್ಕಿಸಿದರೂ ಅದೇ ಕತೆಯಾದರೆ ಪೆಟ್ಟಿಗೆಯಿಂದ ಆಚೆಗೆ ಹುಡುಕಿ.

ಪೆಟ್ಟಿಗೆಯ ದೀಪಗಳು ಉಳಿದದ್ದನ್ನು ಹೇಳುತ್ತವೆ. ಎಲ್‌ಒಎಸ್ ಎಂಬುದು ಕೆಂಪಗೆ ಮಿನುಗುತ್ತಿದ್ದರೆ ಬೆಳಕೇ ಬರುತ್ತಿಲ್ಲ: ಮರ ಬಿದ್ದು ಕೇಬಲ್ ಹರಿದಿದೆ, ಇಲಿ ಅಥವಾ ಅಳಿಲು ಕಡಿದಿದೆ, ಇಲ್ಲವೇ ಕನೆಕ್ಟರ್ ಸಡಿಲ. ಪಾನ್ ದೀಪ ನಿಲ್ಲದೆ ಮಿನುಗುತ್ತಿದ್ದರೆ ಬೆಳಕು ಬಂದಿದೆ, ಆದರೆ ಆಚೆ ತುದಿಯ ಯಂತ್ರ ನಿಮ್ಮ ಪೆಟ್ಟಿಗೆಯನ್ನು ಒಪ್ಪಿಕೊಂಡಿಲ್ಲ. ಪಾನ್ ಸ್ಥಿರವಾಗಿದ್ದು ಫೋನ್ ದೀಪ ಮಾತ್ರ ಆರಿದ್ದರೆ ಧ್ವನಿ ಸೇವೆ ನೋಂದಣಿ ಆಗಿಲ್ಲ. ಈ ಕೊನೆಯದನ್ನು ಜನ ನಂಬುವುದಿಲ್ಲ. "ಯೂಟ್ಯೂಬ್ ಓಡ್ತಿದೆಯಲ್ಲ, ಫೋನ್ ಯಾಕಿಲ್ಲ?" ಎನ್ನುತ್ತಾರೆ. ಸಾಮಾನ್ಯವಾಗಿ ಒಂದೇ ಗಾಜಿನ ಎಳೆಯಲ್ಲಿ ಇಂಟರ್ನೆಟ್‌ಗೆ ಒಂದು ಬೇರೆ ಹಾದಿ, ಧ್ವನಿಗೆ ಒಂದು ಬೇರೆ ಹಾದಿ ಮಾಡಿರುತ್ತಾರೆ. ಪೆಟ್ಟಿಗೆ ತನ್ನ ಹೆಸರು, ಗುಪ್ತಪದ ಕೊಟ್ಟು ಕಂಪನಿಯ ಧ್ವನಿ ಸರ್ವರ್‌ನಲ್ಲಿ ಆಗಾಗ ಹಾಜರಿ ಹಾಕಬೇಕು. ಹಾಜರಿ ತಪ್ಪಿದರೆ ಡಯಲ್ ಟೋನ್ ಇಲ್ಲ, ಅಥವಾ ಟೋನ್ ಬಂದರೂ ಕರೆ ಹೋಗುವುದಿಲ್ಲ. ಒಂದು ಸಲ ಪೆಟ್ಟಿಗೆ ಆಫ್ ಮಾಡಿ, ಐದು ನಿಮಿಷ ಬಿಟ್ಟು ಆನ್ ಮಾಡಿ ನೋಡಿ. ಅಷ್ಟಕ್ಕೂ ಬರದಿದ್ದರೆ ಅದು ಕಂಪನಿಯ ಕಡೆಯ ಕೆಲಸ.

ಬೆಳಕು ಬರುತ್ತಿದೆ ಆದರೆ ಕ್ಷೀಣ ಎಂಬ ಸ್ಥಿತಿಯೂ ಇದೆ. ಮನೆಯ ಕಂಪ್ಯೂಟರಿನಲ್ಲಿ ಪೆಟ್ಟಿಗೆಯ ಪುಟ ತೆರೆದರೆ (ಸಾಮಾನ್ಯವಾಗಿ 192.168.1.1, ಪೆಟ್ಟಿಗೆಯ ತಳದ ಚೀಟಿಯಲ್ಲಿರುತ್ತದೆ) ಬರುವ ಬೆಳಕಿನ ಅಳತೆ ಡಿಬಿಎಂನಲ್ಲಿ ಸಿಗುತ್ತದೆ. ಮೈನಸ್ 18ರಿಂದ ಮೈನಸ್ 24ರವರೆಗೆ ನಿಶ್ಚಿಂತೆ. ಮೈನಸ್ 27ರ ಹತ್ತಿರ ಹೋಗಿದ್ದರೆ ಒಮ್ಮೆ ಬಂದು ಒಮ್ಮೆ ಹೋಗುವ ಆಟ ಶುರುವಾಗುತ್ತದೆ. ಹಳದಿ ಅಥವಾ ಬಿಳಿ ಪ್ಯಾಚ್ ಕಾರ್ಡನ್ನು ಗೋಡೆಯ ಮೊಳೆಗೆ ಸುತ್ತಿ, ಬಿಗಿದು ಕಟ್ಟಿದ್ದಾರೆಯೇ ನೋಡಿ. ಫೈಬರನ್ನು ತೀರಾ ಚಿಕ್ಕ ಸುರುಳಿ ಮಾಡಿದರೆ ಬೆಳಕು ಬಾಗಿದ ಕಡೆಯಿಂದ ಹೊರಗೆ ಸೋರುತ್ತದೆ. ಅಂಗೈ ಅಗಲದ ಸುರುಳಿ ಇರಲಿ. ಹಸಿರು ಕನೆಕ್ಟರ್ ಹಸಿರಿಗೇ ಸೇರಬೇಕು: ಅದರ ತುದಿ 8 ಡಿಗ್ರಿ ಓರೆ, ನೀಲಿಯದು ನೇರ. ಬೆರೆಸಿದರೆ ಬೆಳಕು ಅಲ್ಲೇ ಸೋರಿಹೋಗುತ್ತದೆ. ಬಿಚ್ಚಿದ ತುದಿಯನ್ನು ಕಣ್ಣಿಗೆ ಹಿಡಿದು "ಲೈಟ್ ಬರ್ತಿದೆಯಾ" ಎಂದು ಮಾತ್ರ ನೋಡಬೇಡಿ. ಬರುವ ಬೆಳಕು 1490 ನ್ಯಾನೋಮೀಟರಿನದು, ಕಣ್ಣಿಗೆ ಕಾಣುವುದೇ ಇಲ್ಲ.

ಕರೆಂಟ್ ಹೋದಾಗ ಫೋನೂ ಹೋಗುತ್ತದೆ

ಇದು ದೋಷವಲ್ಲ, ಆದರೆ ಮಳೆಗಾಲದಲ್ಲಿ ಅತಿ ಹೆಚ್ಚು ಬರುವ ದೂರು. ತಾಮ್ರದ ಫೋನಿಗೆ ವಿದ್ಯುತ್ ಬರುತ್ತಿದ್ದದ್ದು ಎಕ್ಸ್‌ಚೇಂಜ್‌ನ ಬ್ಯಾಟರಿಯಿಂದ. ಊರಿಡೀ ಕತ್ತಲಾದರೂ ಟೋನ್ ಇರುತ್ತಿತ್ತು. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ. ಓಎನ್‌ಟಿಗೆ ಮನೆಯಲ್ಲೇ ಕರೆಂಟ್ ಬೇಕು.

ಒಳ್ಳೆಯ ಸಂಗತಿಯೆಂದರೆ ದಾರಿಯ ಮಧ್ಯೆ ಬೆಳಕನ್ನು ಹಲವು ಮನೆಗಳಿಗೆ ಹಂಚುವ, ಕಂಬದ ಮೇಲಿನ ಸ್ಪ್ಲಿಟರ್‌ಗೆ ಕರೆಂಟ್ ಬೇಡ, ಅದು ಬರೀ ಗಾಜು. ಆಚೆ ತುದಿಯಲ್ಲಿ ಬ್ಯಾಕಪ್ ಇದ್ದು, ನಿಮ್ಮ ಪೆಟ್ಟಿಗೆ ಜೀವಂತ ಇದ್ದರೆ ಮಾತು ನಡೆಯುತ್ತದೆ. ಮನೆಯ ದೊಡ್ಡ ಇನ್ವರ್ಟರ್ ಸಾಕಾಗುತ್ತದೆ, ಆದರೆ ಎರಡು ಮೂರು ದಿನ ಕರೆಂಟ್ ಬಾರದ ಆಷಾಢದಲ್ಲಿ ಅದನ್ನು ಫ್ರಿಜ್ಜು, ಬಲ್ಬು ತಿಂದು ಮುಗಿಸಿರುತ್ತವೆ. ಓಎನ್‌ಟಿಗೇ ಮೀಸಲಾದ 12 ವೋಲ್ಟ್ ಮಿನಿ ಯುಪಿಎಸ್ ಇಟ್ಟುಕೊಳ್ಳಿ ಎನ್ನುವುದು ನನ್ನ ಸಲಹೆ. ಕೊಳ್ಳುವ ಮೊದಲು ಅಡಾಪ್ಟರ್ ಮೇಲೆ ಬರೆದ ವೋಲ್ಟ್, ಆಂಪಿಯರ್, ಪಿನ್ನಿನ ಒಳಗೆ ಪ್ಲಸ್ಸೋ ಹೊರಗೋ ಎಂಬ ಗುರುತು ಮೂರನ್ನೂ ಹೊಂದಿಸಿ ನೋಡಿ. ಅದರ ಜೊತೆ ಸಾದಾ ವೈರಿನ ಫೋನ್ ಇರಲಿ. ಪೆಟ್ಟಿಗೆಗೆ ಯುಪಿಎಸ್ ಹಾಕಿ, ಕಾರ್ಡ್‌ಲೆಸ್ ಬೇಸನ್ನು ಗೋಡೆಯ ಪ್ಲಗ್ಗಿಗೇ ಬಿಟ್ಟು "ಏನೂ ಪ್ರಯೋಜನ ಆಗ್ಲಿಲ್ಲ" ಎಂದವರಿದ್ದಾರೆ.

ಫೈಬರ್ ಆದರೂ ಮಳೆ ಬಂದರೆ ಗೊರಗೊರ

ಬಣಕಲ್ ಹತ್ತಿರದ ಒಂದು ತೋಟದ ಮನೆ. ಹಿಂದಿನ ಬಂಗಲೆಯಲ್ಲಿ ಮನೆಯವರು, ಮುಂದಿನ ಮೂರು ಕೋಣೆ ಹೋಂಸ್ಟೇ. ಬೇಸಿಗೆಯಿಡೀ ಚೆನ್ನಾಗಿದ್ದ ಫೋನ್ ಜೂನ್ ಹಿಡಿದದ್ದೇ ಗೊರಗೊರ ಅನ್ನತೊಡಗಿತು. ಜಡಿಮಳೆಯ ದಿನ ಪೂರ್ತಿ ಸತ್ತಿತು. ಹೊರಗಿನಿಂದ ಕರೆ ಮಾಡಿದವರಿಗೆ ಯಾವಾಗಲೂ ಎಂಗೇಜ್. ಎರಡು ದಿನ ಬಿಸಿಲು ಬಿದ್ದರೆ ತಾನಾಗಿ ಸರಿ.

"ಫೈಬರ್ ಅಂದ್ರೆ ಗಾಜು ಅಂತೀರಿ. ಗಾಜಿಗೆ ಮಳೆ ಎಂತ ಮಾಡುತ್ತೆ ಮಾರಾಯಾ?" ಎಂದರು ಮನೆಯ ಯಜಮಾನರು.

"ಗಾಜಿಗೆ ಏನೂ ಮಾಡಲ್ಲ ಗೌಡ್ರೆ. ಎಲ್ಲೋ ತಾಮ್ರ ಒದ್ದೆಯಾಗ್ತಿದೆ" ಎಂದೆ.

ಗಡಿ ಪರೀಕ್ಷೆಯಲ್ಲಿ, ಸಾದಾ ಫೋನನ್ನು ಓಎನ್‌ಟಿಗೆ ನೇರ ಸಿಕ್ಕಿಸಿದಾಗ ಮಾತು ಗಾಜಿನಷ್ಟೇ ಸ್ವಚ್ಛ. ಅಂದರೆ ರೋಗ ಮನೆಯ ವೈರಿಂಗ್‌ನಲ್ಲಿ. ಫೈಬರ್ ಹಾಕಿದವರು ಮಾಡಿದ ಕೆಲಸ ಸುಲಭದ್ದು. ಬಂಗಲೆಯಲ್ಲಿ ಮೊದಲಿಂದ ಇದ್ದ ಎಕ್ಸ್‌ಟೆನ್ಷನ್‌ಗಳೆಲ್ಲ ಓಡಲಿ ಎಂದು, ಓಎನ್‌ಟಿಯ ಫೋನ್ ಪೋರ್ಟಿನಿಂದ ಒಂದು ತುಂಡು ವೈರ್ ಎಳೆದು ಗೋಡೆಯ ಹಳೇ ರೋಸೆಟ್ ಬಾಕ್ಸಿಗೆ ಸಿಕ್ಕಿಸಿದ್ದರು. ಐಡಿಯಾ ಒಳ್ಳೆಯದೇ. ಆದರೆ ರೋಸೆಟ್ ಮುಚ್ಚಳ ಬಿಚ್ಚಿದಾಗ ಅದೇ ಎರಡು ಸ್ಕ್ರೂಗಳ ಕೆಳಗೆ ಕಪ್ಪು ಡ್ರಾಪ್ ವೈರ್ ಇನ್ನೂ ಕೂತಿತ್ತು. ಕಂಬದ ಡಿಪಿ ಬಾಕ್ಸಿನಿಂದ ಬರುತ್ತಿದ್ದ ಹಳೇ ತಾಮ್ರದ ಲೈನ್ ಅದು. ಯಾರೂ ಬಿಚ್ಚಿರಲಿಲ್ಲ. ಸ್ಕ್ರೂಗಳ ಮೇಲೆ ಹಸಿರು ಕಿಲುಬು.

ಆಗುತ್ತಿದ್ದದ್ದು ಇಷ್ಟು. ಓಎನ್‌ಟಿ ಕೊಡುವ 48 ವೋಲ್ಟ್ ಮನೆಯೊಳಗಿನ ಫೋನುಗಳಿಗಷ್ಟೇ ಅಲ್ಲ, ಹೊರಗೆ ಸಿಲ್ವರ್ ಮರಗಳ ನಡುವೆ ಜೋತಾಡುವ ಅನಾಥ ತಂತಿಗೂ ಹೋಗುತ್ತಿತ್ತು. ಸಿಪ್ಪೆ ಬಿಟ್ಟ ಜಾಯಿಂಟಿನೊಳಗೆ ನೀರಿಳಿದಾಗ ಎರಡು ತಂತಿಗಳ ನಡುವೆ, ತಂತಿ ಮತ್ತು ನೆಲದ ನಡುವೆ ವಿದ್ಯುತ್ ಸೋರತೊಡಗುತ್ತದೆ. ಪಕ್ಕದ ಕರೆಂಟ್ ಲೈನಿನ ಗುಂಯ್ ಸದ್ದೂ ಅದರ ಮೂಲಕ ಒಳಬರುತ್ತದೆ. ಇದು ಗೊರಗೊರ. ಸೋರಿಕೆ ಇನ್ನೂ ಹೆಚ್ಚಾದಾಗ ಓಎನ್‌ಟಿಗೆ ಯಾರೋ ರಿಸೀವರ್ ಎತ್ತಿದ್ದಾರೆ ಎಂದೇ ಅನಿಸುತ್ತದೆ. ಏಕೆಂದರೆ ರಿಸೀವರ್ ಎತ್ತುವುದು ಎಂದರೆ ಅದರ ಪಾಲಿಗೆ ಇಷ್ಟು ಮಿಲಿಆಂಪಿಯರ್ ಹರಿಯಿತು ಎಂದಷ್ಟೇ. ಅದು ಟೋನ್ ಕೊಟ್ಟು ಕಾಯುತ್ತದೆ, ಯಾರೂ ಡಯಲ್ ಮಾಡುವುದಿಲ್ಲ, ಲೈನನ್ನು ಬದಿಗಿಡುತ್ತದೆ. ಹೊರಗಿನವರಿಗೆ ಎಂಗೇಜ್.

ನಿಮ್ಮ ಮನೆಯಲ್ಲಿ ಇದನ್ನು ಹೀಗೆ ಪತ್ತೆ ಮಾಡಿ. ಓಎನ್‌ಟಿಯಿಂದ ರೋಸೆಟ್‌ಗೆ ಹೋಗುವ ವೈರ್ ಕೀಳಿ. ಮನೆಯ ಎಲ್ಲಾ ಫೋನ್ ಕೀಳಿ. ಮಲ್ಟಿಮೀಟರನ್ನು ಡಿಸಿ 200 ವೋಲ್ಟಿಗಿಟ್ಟು ರೋಸೆಟ್‌ನ ಎರಡು ಸ್ಕ್ರೂಗಳ ನಡುವೆ ಹಿಡಿಯಿರಿ. ಸೊನ್ನೆ ಇರಬೇಕು. 48ರ ಹತ್ತಿರ ತೋರಿಸಿದರೆ ಹಳೇ ತಾಮ್ರದ ಲೈನ್ ಎಕ್ಸ್‌ಚೇಂಜ್‌ನಲ್ಲಿ ಇನ್ನೂ ಜೀವಂತ ಇದೆ, ಅದನ್ನು ಓಎನ್‌ಟಿ ಪೋರ್ಟಿಗೆ ತಾಗಿಸುವುದು ಪೋರ್ಟ್ ಸುಡುವ ದಾರಿ. ಸೊನ್ನೆ ಬಂದರೆ ಓಮ್‌ಗೆ ತಿರುಗಿಸಿ ನೋಡಿ. ಒಣ, ಒಳ್ಳೆಯ ವೈರಿಂಗ್ ಆದರೆ ಮೀಟರ್ ಏನನ್ನೂ ತೋರಿಸಬಾರದು, ಅಂದರೆ ಓವರ್. ಕೆಲವು ಸಾವಿರ ಓಮ್ ಎಂದು ಬಂದು ಅಂಕಿ ಅಲುಗಾಡುತ್ತಿದ್ದರೆ ಎಲ್ಲೋ ಪಸೆ ಇದೆ. ಒಣ ದಿನ ಅಳೆದು ಸಮಾಧಾನ ಪಡಬೇಡಿ, ಮಳೆ ಹಿಡಿದ ದಿನವೇ ಅಳೆಯಿರಿ.

ಮದ್ದು ಸಣ್ಣದು. ಕಪ್ಪು ಡ್ರಾಪ್ ವೈರನ್ನು ರೋಸೆಟ್‌ನಿಂದ ಬಿಚ್ಚಿ, ಎರಡು ತುದಿಯನ್ನೂ ಬೇರೆ ಬೇರೆ ಟೇಪು ಸುತ್ತಿ ಹೊರಗೆ ಬಿಡಿ. ಕಿಲುಬು ಹಿಡಿದ ಸ್ಕ್ರೂ ಬದಲಿಸಿ. ಕೆಲಸ ಮಾಡುವಾಗ ಓಎನ್‌ಟಿಯ ವೈರ್ ಕಿತ್ತಿರಲಿ. ಇಲ್ಲದಿದ್ದರೆ, ಅಷ್ಟರಲ್ಲೇ ಯಾರಾದರೂ ಫೋನ್ ಮಾಡಿದರೆ ಗಂಟೆಯ ಎಸಿ ಒದ್ದೆ ಬೆರಳಿಗೆ ಚೆನ್ನಾಗಿಯೇ ಹೊಡೆಯುತ್ತದೆ.

ಆ ತೋಟದ ಮನೆಯಲ್ಲಿ ಬಾಕಿ ಉಳಿದ ಸದ್ದು ಇನ್ನೊಂದು ಇತ್ತು. ಅದಕ್ಕೆ ಕಾರಣ ಬಂಗಲೆಯಿಂದ ಕಣದ ಪಕ್ಕದ ಗೋಡೌನಿಗೆ ಅಂಗಳದಲ್ಲಿ ಎಳೆದ ಎಕ್ಸ್‌ಟೆನ್ಷನ್ ವೈರ್, ಅದೂ ಒಳಾಂಗಣದ ಬಿಳಿ ವೈರ್. ಒಂದೊಂದಾಗಿ ಎಕ್ಸ್‌ಟೆನ್ಷನ್ ಬಿಚ್ಚುತ್ತಾ ಹೋದರೆ ಯಾವುದನ್ನು ಬಿಚ್ಚಿದಾಗ ಸದ್ದು ನಿಲ್ಲುತ್ತದೋ ಅದೇ ಕಳ್ಳ.

ಗಂಟೆ ಬಾರಿಸುವುದಿಲ್ಲ, ಹಳೇ ಫೋನ್ ಡಯಲ್ ಆಗುವುದಿಲ್ಲ

ಎಕ್ಸ್‌ಚೇಂಜ್‌ಗೆ ನಾಲ್ಕೈದು ಫೋನ್ ಒಟ್ಟಿಗೆ ಬಾರಿಸುವ ಶಕ್ತಿ ಇತ್ತು. ಓಎನ್‌ಟಿಯ ಪೋರ್ಟಿಗೆ ಎರಡು ಮೂರು ಸಾಕು ಸಾಕಾಗುತ್ತದೆ, ಅದರಲ್ಲೂ ನಿಜವಾದ ಲೋಹದ ಗಂಟೆಯಿರುವ ಹಳೇ ಫೋನ್ ಒಂದೇ ಬಹಳ ಎಳೆಯುತ್ತದೆ. ಲಕ್ಷಣ: ಗಂಟೆ ಕ್ಷೀಣ, ಅಥವಾ ಒಂದು ಸಲ ಟಿಣ್ ಎಂದು ನಿಲ್ಲುತ್ತದೆ, ಎತ್ತಿದರೆ ಮಾತು ಸರಿಯಿದೆ. ಫೋನುಗಳನ್ನು ಕಡಿಮೆ ಮಾಡಿ.

ತಟ್ಟೆ ತಿರುಗಿಸುವ ಕರಿ ಫೋನನ್ನು ಕೆಲವರು ಇನ್ನೂ ಇಟ್ಟುಕೊಂಡಿದ್ದಾರೆ, ನೋಡಲು ಚೆಂದ. ಅದರಲ್ಲಿ ಕರೆ ಬರುತ್ತದೆ, ಮಾತಾಡಬಹುದು. ಡಯಲ್ ಮಾಡಿದರೆ ಮಾತ್ರ ಟೋನ್ ಹಾಗೇ ಉಳಿಯುತ್ತದೆ. ಅದು ಲೈನನ್ನು ಕತ್ತರಿಸಿ ಕತ್ತರಿಸಿ ಅಂಕಿ ಹೇಳುವ ಯಂತ್ರ. ಬಹಳಷ್ಟು ಓಎನ್‌ಟಿಗಳು ಬಟನ್ ಒತ್ತಿದಾಗ ಬರುವ ಜೋಡಿ ಸ್ವರವನ್ನಷ್ಟೇ ಓದುತ್ತವೆ. ಬಟನ್ ಫೋನಿನ ತಳದಲ್ಲಿ ಪಿ ಮತ್ತು ಟಿ ಎಂಬ ಸ್ವಿಚ್ ಇದ್ದರೆ ಟಿ ಕಡೆಗಿರಲಿ. ಎಷ್ಟೋ "ಕೆಟ್ಟ" ಫೋನುಗಳ ರೋಗ ಈ ಸ್ವಿಚ್ಚೇ.

ಇಂಟರ್‌ಕಾಮ್ ಇರುವ ಎಸ್ಟೇಟ್ ಆಫೀಸುಗಳಲ್ಲಿ, ರೆಸಾರ್ಟುಗಳಲ್ಲಿ ಬೇರೆ ಕಾಟ. ಆಚೆಯವರು ಫೋನ್ ಇಟ್ಟರೂ ಇಂಟರ್‌ಕಾಮ್ ಪೆಟ್ಟಿಗೆ ಲೈನ್ ಬಿಡುವುದಿಲ್ಲ, ಹೊರಗಿನ ಲೈನ್ ಗಂಟೆಗಟ್ಟಲೆ ಎಂಗೇಜ್. ಹಳೇ ಎಕ್ಸ್‌ಚೇಂಜ್ ಕೊಡುತ್ತಿದ್ದ ಕರೆ ಮುಗಿದ ಸೂಚನೆ, ಬಿಜಿ ಟೋನ್ ಇವುಗಳಿಗೆ ಹೊಂದಿಸಿಟ್ಟ ಪೆಟ್ಟಿಗೆಗೆ ಓಎನ್‌ಟಿ ಕೊಡುವ ಟೋನ್ ಅರ್ಥವಾಗುತ್ತಿಲ್ಲ. ಇಂಟರ್‌ಕಾಮ್ ಹಾಕಿದವರಿಂದ ಬಿಜಿ ಟೋನ್ ಸೆಟ್ಟಿಂಗ್ ಬದಲಾಯಿಸಿಕೊಳ್ಳಬೇಕು. ಕಂಪನಿಗೆ ದೂರು ಕೊಟ್ಟು ಪ್ರಯೋಜನವಿಲ್ಲ.

ಒಳಗೆ ಬರುತ್ತದೆ, ಹೊರಗೆ ಹೋಗುವುದಿಲ್ಲ

ಮೊದಲು ಡಯಲ್ ಮಾಡುವ ಕ್ರಮ ನೋಡಿ. 2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಯಾವ ಮೊಬೈಲಿಗೆ ಮಾಡಿದರೂ ಮುಂದೆ 0 ಹಾಕಲೇಬೇಕು. ಲ್ಯಾಂಡ್‌ಲೈನ್ ಟು ಲ್ಯಾಂಡ್‌ಲೈನ್‌ಗೆ ಈ ನಿಯಮವಿಲ್ಲ: ಊರೊಳಗೆ 6 ಅಂಕಿ ಸಾಕು, ಹಾಸನಕ್ಕೆ 08172, ಚಿಕ್ಕಮಗಳೂರಿಗೆ 08262 ಸೇರಿಸಬೇಕು. ಊರಿನ ನಂಬರು ಸೇರುತ್ತದೆ, ಮೊಬೈಲಿಗೆ ಮಾತ್ರ ಹೋಗುವುದಿಲ್ಲ ಎಂದರೆ ಕಾರಣ ಬಹಳ ಸಲ ಇದೇ. ಫೋನಿನ ಮೆಮೊರಿಯಲ್ಲಿ, ಇಂಟರ್‌ಕಾಮಿನ ಶಾರ್ಟ್‌ಕಟ್‌ಗಳಲ್ಲಿ ಸೊನ್ನೆಯಿಲ್ಲದ ಹಳೇ ನಂಬರುಗಳು ಉಳಿದಿರುತ್ತವೆ.

ಎಲ್ಲಾ ಅಂಕಿ ಒತ್ತಿದ ಮೇಲೆ ನಾಲ್ಕೈದು ಸೆಕೆಂಡ್ ಮೌನ, ಆಮೇಲೆ ರಿಂಗ್: ಇದು ಕೆಟ್ಟಿರುವುದಲ್ಲ. ಇನ್ನೂ ಅಂಕಿ ಬರಬಹುದೇನೋ ಎಂದು ಪೆಟ್ಟಿಗೆ ಕಾಯುತ್ತಿರುತ್ತದೆ. ಕೊನೆಗೆ ಹ್ಯಾಶ್ ಒತ್ತಿ ನೋಡಿ, ಬಹಳಷ್ಟು ಪೆಟ್ಟಿಗೆಗಳಲ್ಲಿ ತಕ್ಷಣ ಹೋಗುತ್ತದೆ.

ಬ್ಯಾಂಕಿಗೆ, ಗ್ಯಾಸ್ ಬುಕಿಂಗಿಗೆ ಮಾಡಿದಾಗ "ಕನ್ನಡಕ್ಕಾಗಿ ಒಂದನ್ನು ಒತ್ತಿ" ಎನ್ನುತ್ತದೆ, ಒತ್ತಿದರೆ ತೆಗೆದುಕೊಳ್ಳುವುದಿಲ್ಲ. ಬಟನ್ನಿನ ಸ್ವರವನ್ನು ಮಾತಿನ ಜೊತೆಗೇ ಕಳಿಸುವುದು ಒಂದು ಬಗೆ, ಬೇರೆ ಸಂದೇಶವಾಗಿ ಕಳಿಸುವುದು ಇನ್ನೊಂದು ಬಗೆ. ಮಾತನ್ನು ಹೆಚ್ಚು ಹಿಂಡಿ ಕಳಿಸುವ ಕಡೆ ಮೊದಲ ಬಗೆ ಕೆಡುತ್ತದೆ. ಇದನ್ನು ಕಂಪನಿಯೇ ಸರಿಮಾಡಬೇಕು. ದೂರಿನಲ್ಲಿ "ಐವಿಆರ್‌ನಲ್ಲಿ ಬಟನ್ ತಗೊಳ್ಳಲ್ಲ" ಎಂದು ಸ್ಪಷ್ಟವಾಗಿ ಹೇಳಿ. ಹೀಗೆ ಬಟನ್ ಒತ್ತಿಸುವ ರೆಕಾರ್ಡ್ ದನಿಯ ವ್ಯವಸ್ಥೆಯೇ ಐವಿಆರ್. "ಫೋನ್ ಸರಿ ಇಲ್ಲ" ಎಂದರೆ ಬಂದು ಡಯಲ್ ಟೋನ್ ನೋಡಿ ಹೋಗುತ್ತಾರೆ.

ಮಾತು ತುಂಡಾಗುವುದು, ಒಂದು ಕಡೆ ಮಾತ್ರ ಕೇಳುವುದು, ಪ್ರತಿಧ್ವನಿ

ಹಳೇ ಜಾಲದಲ್ಲಿ ಕರೆ ಸೇರಿದರೆ ಮುಗಿಯುವವರೆಗೆ ನಿಮಗೊಂದು 64 ಕೆಬಿಪಿಎಸ್ ಹಾದಿ ಮೀಸಲು. ಹೊಸದರಲ್ಲೂ ಧ್ವನಿಯ ಲೆಕ್ಕ ಹೆಚ್ಚು ಕಡಿಮೆ ಅದೇ. ಜಿ.711 ಎಂಬ ಕ್ರಮದಲ್ಲಿ ಅದೇ 64 ಕೆಬಿಪಿಎಸ್. ಆದರೆ ಅದನ್ನು 20 ಮಿಲಿಸೆಕೆಂಡಿನ ತುಂಡು ಮಾಡಿ, ಸೆಕೆಂಡಿಗೆ 50 ಪ್ಯಾಕೆಟ್ ಕಳಿಸುತ್ತಾರೆ. ಪ್ರತಿಯೊಂದರಲ್ಲೂ 160 ಬೈಟ್ ಮಾತು, 40 ಬೈಟ್ ವಿಳಾಸ, ಒಟ್ಟು 80 ಕೆಬಿಪಿಎಸ್. ಚಾರ್ಮಾಡಿ ಘಾಟಿಯಲ್ಲಿ ಲಾರಿಗಳ ಹಿಂದೆ ಸಿಕ್ಕಿಕೊಂಡ ಕಾರಿನಂತೆ, ರಸ್ತೆ ಇದೆ, ವೇಗವೂ ಇದೆ, ಆದರೆ ಹೊತ್ತಿಗೆ ಸರಿಯಾಗಿ ತಲುಪುವ ಖಾತರಿ ಇಲ್ಲ. ಕಂಪನಿಯದೇ ಲ್ಯಾಂಡ್‌ಲೈನಿಗೆ ಬೇರೆ ಹಾದಿ, ಆದ್ಯತೆ ಇರುವುದರಿಂದ ಈ ತೊಂದರೆ ಕಡಿಮೆ. ಇಂಟರ್ನೆಟ್ ಮೇಲೆಯೇ ಓಡುವ ಆಫೀಸು ಫೋನುಗಳಿಗೆ, ಆ್ಯಪ್ ಫೋನುಗಳಿಗೆ ಪೂರ್ತಿ ತಟ್ಟುತ್ತದೆ.

ಇಂಥ ಕಡೆ ಸ್ಪೀಡ್ ಟೆಸ್ಟ್ ತೋರಿಸಿ "100 ಎಂಬಿಪಿಎಸ್ ಇದೆ" ಎಂದು ವಾದಿಸುವುದು ವ್ಯರ್ಥ. ಫೋನಿಗೆ ಬೇಕಾದ್ದು ಅದರ ಸಾವಿರದ ಒಂದು ಪಾಲು, ಆದರೆ ತಪ್ಪದೆ, ತಡವಾಗದೆ. ಒಂದು ಬದಿಗೆ 150 ಮಿಲಿಸೆಕೆಂಡ್ ಒಳಗೆ ತಲುಪಿದರೆ ಮಾತು ಸಹಜವಾಗಿರುತ್ತದೆ. ಎಸ್ಟೇಟುಗಳಲ್ಲಿ ನಾನು ಮೊದಲು ಅನುಮಾನಿಸುವುದು ಸಿಸಿ ಕ್ಯಾಮೆರಾಗಳನ್ನು. ಕೊಯ್ಲಿನ ಕಾಲದಲ್ಲಿ ಕಣದಲ್ಲಿ ಕಾಫಿ ಹರಡಿರುತ್ತದೆ, ಕಳ್ಳತನದ ಭಯಕ್ಕೆ ನಾಲ್ಕಾರು ಕ್ಯಾಮೆರಾ ಹೆಚ್ಚಾಗಿ ಹಾಕಿರುತ್ತಾರೆ, ಅವೆಲ್ಲ ರಾತ್ರಿ ಹಗಲು ಚಿತ್ರ ಮೇಲಕ್ಕೆ ಕಳಿಸುತ್ತಿರುತ್ತವೆ. ಅಪ್‌ಲೋಡ್ ಹಾದಿ ತುಂಬಿದರೆ ನಿಮ್ಮ ಮಾತು ಆಚೆಯವರಿಗೆ ತುಂಡು ತುಂಡು, ಅವರ ಮಾತು ನಿಮಗೆ ಸರಿ. ಮಾತಾಡುತ್ತಿರುವಾಗಲೇ ಕ್ಯಾಮೆರಾ ರೆಕಾರ್ಡರ್‌ನ ನೆಟ್ ಕೇಬಲ್ ಕಿತ್ತು ನೋಡಿ. ತಕ್ಷಣ ಸರಿಹೋದರೆ ರೌಟರಿನಲ್ಲಿ ಧ್ವನಿಗೆ ಆದ್ಯತೆ ಕೊಡಿ ಅಥವಾ ಕ್ಯಾಮೆರಾದ ಗುಣಮಟ್ಟ ಇಳಿಸಿ.

ಒಂದು ಕಡೆ ಪೂರ್ತಿ ಮೌನ ಎಂದರೆ ಬೇರೆ ರೋಗ. ಕರೆ ಜೋಡಿಸುವ ಸಂದೇಶ ಒಂದು ದಾರಿಯಲ್ಲಿ, ಮಾತಿನ ಪ್ಯಾಕೆಟ್‌ಗಳು ಇನ್ನೊಂದು ದಾರಿಯಲ್ಲಿ ಹೋಗುತ್ತವೆ. ಹಾಗಾಗಿ ರಿಂಗಾಗಿ, ಎತ್ತಿದ ಮೇಲೆ ಒಂದು ಕಡೆಯ ಮಾತು ಮಾತ್ರ ಬರುವುದು ಸಾಧ್ಯ. ತಾಮ್ರದಲ್ಲಿ ಇದು ಅಪರೂಪ. ಓಎನ್‌ಟಿಯ ಹಿಂದೆ ಇನ್ನೊಂದು ರೌಟರ್ ಹಾಕಿದ ಆಫೀಸುಗಳಲ್ಲಿ ಇದು ಮಾಮೂಲಿ: ಒಂದರ ಹಿಂದೆ ಒಂದು ಎರಡು ಪೆಟ್ಟಿಗೆಗಳು ವಿಳಾಸ ಬದಲಿಸುತ್ತವೆ, ಮಾತು ದಾರಿ ತಪ್ಪುತ್ತದೆ. ರೌಟರಿನಲ್ಲಿ ಸಿಪ್ ಎಎಲ್‌ಜಿ ಎಂಬ ಆಯ್ಕೆ ಆನ್ ಇದ್ದರೆ ಆಫ್ ಮಾಡಿ. ಸಹಾಯಕ್ಕೆಂದು ಇಟ್ಟ ಇದೇ ಅನೇಕ ಸಲ ಕೆಡಿಸುತ್ತದೆ.

ಪ್ರತಿಧ್ವನಿಯ ವಿಷಯದಲ್ಲಿ ಒಂದನ್ನು ನೆನಪಿಡಿ: ನಿಮ್ಮ ಮಾತು ನಿಮಗೇ ತಿರುಗಿ ಕೇಳಿಸಿದರೆ ತಪ್ಪು ಸಾಮಾನ್ಯವಾಗಿ ಆಚೆ ತುದಿಯಲ್ಲಿದೆ. ಅಲ್ಲಿ ಸ್ಪೀಕರ್ ಫೋನ್ ಇರಬಹುದು, ಇಲ್ಲವೇ ಹೋಗುವ ಬರುವ ಮಾತನ್ನು ಬೇರೆ ಮಾಡಲು ಎರಡು ತಂತಿ ನಾಲ್ಕಾಗುವ ಜಾಗದಲ್ಲಿ ಹೊಂದಾಣಿಕೆ ತಪ್ಪಿರಬಹುದು. ಹಳೇ ಲೋಕಲ್ ಕರೆಗಳಲ್ಲೂ ಪ್ರತಿಧ್ವನಿ ಇತ್ತು, ತಡವೇ ಇಲ್ಲದ್ದರಿಂದ ಕಿವಿಗೆ ಗೊತ್ತಾಗುತ್ತಿರಲಿಲ್ಲ.

ಯಾರಿಗೆ ಮಾಡಿದಾಗ ಕೆಡುತ್ತದೆ

ನಿಮ್ಮ ಫೈಬರ್ ಫೋನಿನಿಂದ ತಾಮ್ರದಲ್ಲೇ ಉಳಿದ ಫೋನಿಗೆ ಮಾಡಿದರೆ ಮಧ್ಯೆ ಎಲ್ಲೋ ಪ್ಯಾಕೆಟ್ ಲೋಕ ಮುಗಿದು ಹಳೇ ಲೋಕ ಶುರುವಾಗಲೇಬೇಕು. ಆ ಜಾಗದಲ್ಲಿ ಗೇಟ್‌ವೇ ಎಂಬ ಯಂತ್ರ ಪ್ಯಾಕೆಟ್ ಬಿಚ್ಚಿ ಇ1 ಲೈನಿಗೆ ಸುರಿಯುತ್ತದೆ. ವಾಟ್ಸಾಪ್ ಕರೆ ಈ ಗೇಟ್‌ವೇ ಮುಟ್ಟುವುದೇ ಇಲ್ಲ. ಅದಕ್ಕೇ ಅದರಿಂದ ಲ್ಯಾಂಡ್‌ಲೈನಿಗೆ ಕರೆ ಮಾಡಲು ಬರುವುದಿಲ್ಲ, ಮತ್ತು "ವಾಟ್ಸಾಪ್ ಚೆನ್ನಾಗಿದೆ" ಎಂಬುದು ಲ್ಯಾಂಡ್‌ಲೈನಿನ ಬಗ್ಗೆ ಏನನ್ನೂ ಹೇಳುವುದಿಲ್ಲ.

ಹೀಗಾಗಿ ಪರೀಕ್ಷೆಗೆ ಮೂರು ಕರೆ ಮಾಡಿ: ಅದೇ ಕಂಪನಿಯ ಫೈಬರ್ ಫೋನಿಗೆ, ಬೇರೆ ಕಂಪನಿಯ ಮೊಬೈಲಿಗೆ, ಬೇರೆ ಊರಿನ ಹಳೇ ಲ್ಯಾಂಡ್‌ಲೈನಿಗೆ. ಮೂರೂ ಕೆಟ್ಟರೆ ನಿಮ್ಮ ಕಡೆ. ಒಂದು ದಿಕ್ಕಿಗೆ ಮಾತ್ರ ಕೆಟ್ಟರೆ ಗೇಟ್‌ವೇ ಅಥವಾ ಆಚೆ ಜಾಲ, ನಿಮ್ಮ ಮನೆಯಲ್ಲಿ ಸ್ಕ್ರೂ ಬಿಚ್ಚುವ ಅಗತ್ಯವಿಲ್ಲ.

ಫ್ಯಾಕ್ಸ್ ಇನ್ನೂ ಇಟ್ಟುಕೊಂಡವರಿಗೆ ಒಂದು ಮಾತು: ಹಿಂಡಿದ ಧ್ವನಿಯಲ್ಲಿ ಫ್ಯಾಕ್ಸ್ ಹೋಗುವುದಿಲ್ಲ. ಜಿ.711 ಅಥವಾ ಫ್ಯಾಕ್ಸಿಗೆಂದೇ ಇರುವ ಟಿ.38 ಕ್ರಮ ಬೇಕು ಎಂದು ಕಂಪನಿಗೆ ಹೇಳಿ, ಫ್ಯಾಕ್ಸ್ ಯಂತ್ರದ ವೇಗ ಇಳಿಸಿ.

ಮೊಬೈಲಿನ ವೈಫೈ ಕಾಲಿಂಗ್ ಬಗ್ಗೆಯೂ ಕೇಳುತ್ತಾರೆ. ನಮ್ಮ ದೇಶದಲ್ಲಿ 2019ರ ಡಿಸೆಂಬರ್‌ನಿಂದ ಬಂದ ಇದು, ಸಿಗ್ನಲ್ ಇಲ್ಲದ ತೋಟಗಳಿಗೆ ನಿಜಕ್ಕೂ ವರ. ಯಾವ ಕಂಪನಿಯ ವೈಫೈ ಆದರೂ ನಡೆಯುತ್ತದೆ. ಬೇರೆಲ್ಲಾ ಓಡುತ್ತಿದ್ದು ಇದೊಂದು ಬರದಿದ್ದರೆ ರೌಟರ್ ಈ ಕರೆ ಗುಟ್ಟಾಗಿ ಸಾಗುವ ಐಪಿಸೆಕ್ ಎಂಬ ಸುರಂಗವನ್ನು ತಡೆಯುತ್ತಿರಬಹುದು, 500 ಮತ್ತು 4500 ಪೋರ್ಟ್ ತೆರೆದಿವೆಯೇ ನೋಡಿಸಿ.

ಸಿಡಿಲಿನ ನಂತರ

ಏಪ್ರಿಲ್, ಮೇ ತಿಂಗಳ ಗುಡುಗಿನ ಮಳೆಯ ಮರುದಿನ ಬರುವ ದೂರುಗಳಲ್ಲಿ ವಿಚಿತ್ರ ಮಾದರಿ ಇರುತ್ತದೆ: ಇಂಟರ್ನೆಟ್ ಇದೆ, ಫೋನ್ ಪೋರ್ಟ್ ಮಾತ್ರ ಸತ್ತಿದೆ. ಅಥವಾ ಫೋನ್ ಇದೆ, ಒಂದು ನೆಟ್ ಪೋರ್ಟ್ ಸತ್ತಿದೆ. ಗಾಜು ಸಿಡಿಲನ್ನು ಒಳಗೆ ತರುವುದಿಲ್ಲ, ಆದರೆ ಅದಕ್ಕೆ ಬಲ ಕೊಡಲು ಕೆಲವು ಕೇಬಲ್‌ಗಳಲ್ಲಿ ಉಕ್ಕಿನ ತಂತಿ ಇರುತ್ತದೆ. ಅದಕ್ಕಿಂತ ಹೆಚ್ಚಾಗಿ ಪೆಟ್ಟು ಬರುವುದು ಕರೆಂಟಿನ ಅಡಾಪ್ಟರ್ ಮೂಲಕ, ಅಂಗಳ ದಾಟಿ ಕಾರ್ಮಿಕರ ಲೈನ್ ಮನೆಗೋ ಗೋಡೌನಿಗೋ ಎಳೆದ ನೆಟ್ ಕೇಬಲ್ ಮೂಲಕ, ಫೋನಿನ ಎಕ್ಸ್‌ಟೆನ್ಷನ್ ಮೂಲಕ. ಒಂದು ಕಟ್ಟಡದಿಂದ ಇನ್ನೊಂದಕ್ಕೆ ತಾಮ್ರ ಎಳೆಯಬೇಡಿ. ಅಲ್ಲಿಗೂ ಫೈಬರೇ ಎಳೆದು ಎರಡು ತುದಿಗೆ ಕನ್ವರ್ಟರ್ ಹಾಕುವುದು ಈಗ ದುಬಾರಿಯೂ ಅಲ್ಲ. ಗುಡುಗು ಶುರುವಾದಾಗ ಅಡಾಪ್ಟರ್ ಮತ್ತು ಹೊರಗಿನಿಂದ ಬರುವ ತಾಮ್ರದ ವೈರ್ ಎಲ್ಲವನ್ನೂ ಕೀಳಿ. ಫೈಬರ್ ಮಾತ್ರ ಕೀಳಬೇಡಿ, ತುದಿಗೆ ಧೂಳು ಕೂತರೆ ಅದೇ ಹೊಸ ದೂರು.

ದೂರು ಕೊಡುವಾಗ

ಗಡಿ ಪರೀಕ್ಷೆಯ ಫಲ, ಯಾವ ದೀಪ ಯಾವ ಬಣ್ಣ, ಬೆಳಕಿನ ಅಳತೆ, ಯಾವ ದಿಕ್ಕಿನ ಕರೆ ಕೆಡುತ್ತದೆ, ಮಳೆಗೆ ಸಂಬಂಧ ಇದೆಯೇ: ಇಷ್ಟು ಹೇಳಿದರೆ ಬರುವ ಹುಡುಗ ಸರಿಯಾದ ಸಾಮಾನು ತರುತ್ತಾನೆ. "ನೇರ ಸಿಕ್ಕಿಸಿ ನೋಡಿದ್ದೇನೆ, ಪಾನ್ ಸ್ಥಿರ ಇದೆ, ಫೋನ್ ದೀಪ ಆರಿದೆ" ಎಂಬ ಒಂದು ವಾಕ್ಯ ಅರ್ಧ ದಿನ ಉಳಿಸುತ್ತದೆ.

ಪೆಟ್ಟಿಗೆ ಬದಲಿಸಿದರೆ ಒಂದು ಎಚ್ಚರ. ಹೊಸ ಓಎನ್‌ಟಿಗೆ ಇಂಟರ್ನೆಟ್ ವಿವರ ಹಾಕಿ, ಫೋನಿನ ವಿವರ ಹಾಕದೆ ಹೋಗುವುದು ಸಾಮಾನ್ಯ. ವೈಫೈ ಬಂತು ಎಂದು ದೂರು ಮುಗಿಸುವ ಒಟಿಪಿ ಹೇಳಿ ಕಳಿಸಿಬಿಡಬೇಡಿ. ಅವರೆದುರೇ ಮೊಬೈಲಿಗೆ 0 ಹಾಕಿ ಒಂದು ಕರೆ ಮಾಡಿ, ಹೊರಗಿನಿಂದ ಲ್ಯಾಂಡ್‌ಲೈನಿಗೆ ಒಂದು ಕರೆ ಮಾಡಿಸಿ, ಎರಡರಲ್ಲೂ ಒಂದೆರಡು ನಿಮಿಷ ಮಾತಾಡಿ ನೋಡಿ, ಆಮೇಲೆ ಒಟಿಪಿ.